ಗೆರೆ ಸಿಸ್ಟರ್ ಹಾಕಿದ ಸೊನ್ನೆ

ಗೆರೆ ಸಿಸ್ಟರ್ ಜಂಭದ ಹೆಂಗಸು. ಅಪ್ಪಿತಪ್ಪಿ ಬಂದ ಜಂಭವಲ್ಲ, ದಿನಾ ತಿಕ್ಕಿ ತೊಳೆದು ಹೊಳಪು ಕೆಡದಂತೆ ಇಟ್ಟುಕೊಂಡ ಜಂಭ. ಆಕೆ ಸುಳ್ಳು ಹೇಳುತ್ತಿರಲಿಲ್ಲ, ನಿಜ. ಆದರೆ ಅದನ್ನು ಗುಣವೆಂದು ಲೆಕ್ಕಕ್ಕೆ ಹಿಡಿಯಲು ನಾನು ತಯಾರಿಲ್ಲ. ಸುಳ್ಳು ಹೇಳುವುದೆಂದರೆ ಎದುರಿಗಿದ್ದವರಿಗೆ ಹೆದರಿದಂತೆ, ತಾನು ಹೆದರಬೇಕಾದಂಥವರು ಈ ಆಸ್ಪತ್ರೆಯಲ್ಲಿ ಯಾರೂ ಇಲ್ಲ ಎಂಬುದು ಆಕೆಯ ತೀರ್ಮಾನ. ಹೀಗಾಗಿ ಮೂವತ್ತು ವರ್ಷದ ನೌಕರಿಯಲ್ಲಿ ಆಕೆ ಒಂದು ಸುಳ್ಳನ್ನೂ ಹೇಳಲಿಲ್ಲ, ಒಬ್ಬ ಗೆಳತಿಯನ್ನೂ ಸಂಪಾದಿಸಲಿಲ್ಲ.

ಆಕೆ ನಮ್ಮ ಆಸ್ಪತ್ರೆಯ ಸರ್ಜರಿ ವಾರ್ಡಿನ ಮುಖ್ಯ ನರ್ಸು. ಅದೇ ಆಸ್ಪತ್ರೆಯಲ್ಲಿ ಸೋಂಕು ತಡೆಯುವ ಸಮಿತಿಯನ್ನು ನಾನು ನೋಡಿಕೊಳ್ಳುತ್ತಿದ್ದೆ. ವಾರ್ಡಿಗೆ ಹೊಸಬರು ಯಾರೇ ಬರಲಿ, ನರ್ಸೋ, ಡಾಕ್ಟರೋ, ಫ್ಯಾನ್ ರಿಪೇರಿಯವನೋ, ಐದು ನಿಮಿಷದೊಳಗೆ ಗೆರೆ ಸಿಸ್ಟರ್ ತನ್ನ ಹತ್ತೂ ಬೆರಳನ್ನು ಅವರ ಮುಖದ ಮುಂದೆ ಅಗಲಿಸಿ ಹಿಡಿಯುತ್ತಿದ್ದಳು.

"ನೋಡಿ. ಮೂವತ್ತು ವರ್ಷ. ಒಂದು ಸೂಜಿಯೂ ಈ ಬೆರಳನ್ನ ಮುಟ್ಟಿಲ್ಲ."

ಫ್ಯಾನ್ ರಿಪೇರಿಯವನು ಏಣಿಯ ಮೇಲಿಂದಲೇ "ಶಾಭಾಷ್ ಸಿಸ್ಟರ್" ಎಂದನಂತೆ. ಅದನ್ನೂ ಆಕೆ ಹೊಗಳಿಕೆಯೆಂದೇ ಒಪ್ಪಿಕೊಂಡಳು.

ಬೆರಳಿಗೆ ಸೂಜಿ ಚುಚ್ಚುವುದು ಹೊರಗಿನವರಿಗೆ ದೊಡ್ಡ ಮಾತಲ್ಲ. ಆಸ್ಪತ್ರೆಯಲ್ಲಿ ಹಾಗಲ್ಲ. ರೋಗಿಯ ಮೈಯೊಳಗೆ ಹೋಗಿ ಬಂದ ಸೂಜಿ ನರ್ಸಿನ ಬೆರಳಿಗೋ ಕಸ ತೆಗೆಯುವವಳ ಬೆರಳಿಗೋ ಇಳಿದರೆ, ಆ ರೋಗಿಯ ರಕ್ತದಲ್ಲಿದ್ದ ಕಾಮಾಲೆಯೋ ಏಡ್ಸೋ ಅದರ ಜೊತೆಗೇ ಇಳಿಯಬಹುದು. ಕೂಡಲೇ ಸೋಪು ನೀರಿನಲ್ಲಿ ತೊಳೆದು, ಬಂದು ಹೇಳಿ, ಮಾತ್ರೆ ಶುರುಮಾಡಿದರೆ ಬಹಳಮಟ್ಟಿಗೆ ಪಾರಾಗಬಹುದು. ಏಡ್ಸ್ ತಡೆಯುವ ಮಾತ್ರೆಗೆ ಮೂರು ದಿನದ ಗಡುವು. ಒಂದೊಂದು ಗಂಟೆ ತಡವಾದಷ್ಟೂ ಅದರ ಬಲ ಕಡಿಮೆ. ಮೂರು ದಿನ ದಾಟಿದ ಮೇಲೆ ನುಂಗುವುದೂ ಒಂದೇ, ಬಿಡುವುದೂ ಒಂದೇ.

ಗೆರೆ ಸಿಸ್ಟರ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಕೆಂಪು ಬಣ್ಣದ ಡಬ್ಬ, ಒಂದಿಂಚಿನ ಬ್ರಷ್ಷು, ಮರದ ಅಡಿಕೋಲು, ಮೂರೂ ಆಕೆಯ ಮೇಜಿನ ಕೆಳಗೆ ಸದಾ ಇರುತ್ತಿದ್ದವು. ಟ್ರಾಲಿ ನಿಲ್ಲುವಲ್ಲಿ ನೆಲಕ್ಕೆ ಗೆರೆ. ರೋಗಿಯನ್ನು ನೋಡಲು ಬಂದ ನೆಂಟರು ಇಲ್ಲಿಂದ ಮುಂದೆ ಬರಬಾರದೆಂದು ಗೆರೆ. ನರ್ಸುಗಳ ಕೋಣೆಯ ಸಕ್ಕರೆ ಡಬ್ಬಿಗೂ ಗೆರೆ, ಯಾರೋ ಮೂರು ಚಮಚ ಹಾಕಿಕೊಳ್ಳುತ್ತಿದ್ದಾರೆಂಬ ಅನುಮಾನಕ್ಕೆ. ಬಳಸಿದ ಸೂಜಿ ಹಾಕುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಮುಕ್ಕಾಲಿನಲ್ಲಿ ಗೆರೆ. ಅಲ್ಲಿಗೆ ಮುಟ್ಟಿದ ಕೂಡಲೇ ಡಬ್ಬಿ ಮುಚ್ಚಿ ಕಳಿಸಬೇಕು. ಇನ್ನೂ ಹಿಡಿಯುತ್ತದೆ ಎಂದು ಒತ್ತಿ ತುಂಬಿದವರ ಕೈಗೇ ಒಳಗಿನ ಸೂಜಿ ತಿರುಗಿ ಬರುತ್ತದೆ. ಈ ಗೆರೆಯನ್ನು ಡಬ್ಬಿ ಮಾಡಿದ ಕಾರ್ಖಾನೆಯವರೇ ಅಚ್ಚು ಹಾಕಿದ್ದರು. ಆಕೆ ಅದರ ಮೇಲೆ ತನ್ನದೊಂದನ್ನು ಎಳೆದಳು, ಕಾರ್ಖಾನೆಯವರದು ನೆಟ್ಟಗಿಲ್ಲವೆಂದು.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದಂತೂ ಆಕೆಯ ವಾರ್ಡಿನಲ್ಲಿ ಮಹಾಪರಾಧ. ಹತ್ತರಲ್ಲಿ ಮೂರು ಸಲ ಸೂಜಿ ಚುಚ್ಚುವುದೇ ಆಗ ಎಂದು ನಾನು ತರಗತಿಯಲ್ಲಿ ಹೇಳಿಕೊಟ್ಟೆ, ಎಲ್ಲರೂ ಬರೆದುಕೊಂಡರು, ಹೋಗಿ ಮತ್ತೆ ಮುಚ್ಚಳ ಹಾಕಿದರು. ಆಕೆ ಏನೂ ಹೇಳಿಕೊಡಲಿಲ್ಲ. ಮುಚ್ಚಳದ ಕಡೆ ಕೈ ಹೋದರೆ ಅಡಿಕೋಲು ಮೇಜಿನ ಮೇಲೆ ಫಟ್ ಎನ್ನುತ್ತಿತ್ತು. ಒಂದು ತಿಂಗಳಲ್ಲಿ ಅಭ್ಯಾಸ ಬಿಟ್ಟುಹೋಯಿತು.

ಇಂಥವಳನ್ನು ಮದುವೆಯಾದವನು ಟೈಲರ್.

ಮನೆಯ ಮುಂದಿನ ಕೋಣೆಯೇ ಆತನ ಅಂಗಡಿ. ಹತ್ತು ಹನ್ನೆರಡು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಗಿರಾಕಿಗಳೊಡನೆ ಮಾತಾಡುತ್ತಿದ್ದ ಮನುಷ್ಯ, ಮದುವೆಯಾದ ವಾರಕ್ಕೇ ಬಾಯಿ ಖಾಲಿ ಮಾಡಬೇಕಾಯಿತು. ನನ್ನ ಬಿಳಿ ಕೋಟಿನ ಜೇಬು ಹರಿದಾಗ ಒಮ್ಮೆ ಅಲ್ಲಿಗೆ ಹೋಗಿದ್ದೆ. ಮೇಜಿನ ಮೇಲೆ, ಕತ್ತರಿಯ ಪಕ್ಕದಲ್ಲಿ, ವಾರ್ಡಿನಲ್ಲಿರುವಂಥದ್ದೇ ಒಂದು ಡಬ್ಬಿ. ಮುಕ್ಕಾಲಿಗೆ ಕೆಂಪು ಗೆರೆ.

"ಇಲ್ಲೂ ಸೂಜಿ ಡಬ್ಬಿಯೇ?" ಎಂದೆ.

"ನನ್ನೋಳು ಕೊಟ್ಟ ಉಡುಗೊರೆ ಡಾಕ್ಟ್ರೇ. ಬೇರೆಯವರ ಹೆಂಡ್ತೀರು ಗಂಡನಿಗೆ ವಾಚು ಕೊಡಿಸ್ತಾರೆ. ನನಗೆ ಇದು. ಮುರಿದ ಸೂಜಿ, ಸೊಟ್ಟ ಆದ ಗುಂಡುಸೂಜಿ, ಎಲ್ಲ ಇದರೊಳಗೆ. ಇಷ್ಟು ವರ್ಷ ಆಯ್ತು, ಅರ್ಧಾನೂ ತುಂಬಿಲ್ಲ. ಗೆರೆ ಮುಟ್ಟೋ ಹೊತ್ತಿಗೆ ನಾನಿರ್ತೀನೋ ಇಲ್ವೋ."

ಒಳಗಿನಿಂದ ಆಕೆಯ ದನಿ ಬಂತು. "ಬೆಳಗ್ಗೆಯಿಂದ ಎಷ್ಟು ಸಲ ಚುಚ್ಚಿಸಿಕೊಂಡ್ರಿ ಅಂತ ಮೇಡಂಗೆ ಹೇಳಿ ರೀ!"

"ಎರಡೇ ಸಲ ಕಣೇ!"

"ಮೂರು. ಮಿಷನ್ ಹತ್ರ 'ಸ್ಸ್' ಅಂದದ್ದು ನನಗೆ ಕೇಳಿಸ್ತು."

ಆತ ದನಿ ತಗ್ಗಿಸಿದ. "ನಮ್ಮನೇಲಿ ನೋವಾದ್ರೆ ಸದ್ದು ಮಾಡೋ ಹಾಗಿಲ್ಲ ಡಾಕ್ಟ್ರೇ. ದಾಖಲಾಗಿಬಿಡತ್ತೆ."

ಆಸ್ಪತ್ರೆಯಲ್ಲಿ ಆಕೆಯ ಬಾಯಿಗೆ ಹೆದರದೆ ಉಳಿದಿದ್ದವರು ಹಿರಿಯ ಸರ್ಜನ್ ಒಬ್ಬರೇ. ಕೈ ಬಂಗಾರದಂಥದ್ದು, ಅಭ್ಯಾಸ ಕೆಟ್ಟದ್ದು. ಡ್ರೆಸ್ಸಿಂಗ್ ರೂಮಿನಲ್ಲಿ ಗಾಯಕ್ಕೆ ಹೊಲಿಗೆ ಹಾಕಿ ಮುಗಿಸಿದವರು, ಸೂಜಿಯನ್ನು ಟ್ರೇಯಲ್ಲಿ ಬಟ್ಟೆ ಚೂರುಗಳ ನಡುವೆ ಬಿಟ್ಟು ಎದ್ದು ಹೋಗುತ್ತಿದ್ದರು. ಟ್ರೇ ತೊಳೆಯುವವರ ಪಾಡು ಅವರಿಗೆ ಸಂಬಂಧಿಸಿದ್ದಲ್ಲ. ಬಳಸಿದವರೇ ಡಬ್ಬಿಗೆ ಹಾಕಬೇಕೆಂಬುದು ನಿಯಮ. ಮೂರು ಸಲ ಆಕೆ ಹೇಳಿ ನೋಡಿದಳು. ನಾಲ್ಕನೆಯ ಸಲ ಹೇಳಲಿಲ್ಲ. ಸೂಜಿಯನ್ನು ಚಿಮಟದಲ್ಲಿ ಎತ್ತಿ, ಒಂದು ಸ್ಟೀಲ್ ಡಬ್ಬಿಯೊಳಗೆ ಇಟ್ಟು, ಮುಚ್ಚಿ, ಎರಡು ವರಾಂಡ ದಾಟಿ, ಮೆಟ್ಟಿಲಿಳಿದು, ಅವರು ಹೊರರೋಗಿಗಳನ್ನು ನೋಡುವ ಕೋಣೆಗೆ ಹೋದಳು. ಒಳಗೆ ಹತ್ತು ಹದಿನೈದು ಜನ ಕಾಯುತ್ತಿದ್ದರು. ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಏನಮ್ಮ ಇದು? ಯಾರದಾದ್ರೂ ಹುಟ್ಟಿದ ಹಬ್ಬಾನಾ?" ಸರ್ಜನ್ನರು ತಿಂಡಿಯೆಂದು ತಿಳಿದು ನಗುತ್ತ ಮುಚ್ಚಳ ತೆಗೆದರು.

"ತಾವು ಮರೆತು ಬಂದಿದ್ರಿ ಸರ್."

"ಇದಕ್ಕೋಸ್ಕರ ಇಲ್ಲಿವರೆಗೂ ಬಂದ್ರಾ? ನೀವೇ ಹಾಕಿದ್ರೆ ಆಗ್ತಿತ್ತಲ್ಲ!"

"ತಮ್ಮ ಸೂಜಿ ಸರ್. ನಾನು ಹಾಕಿದ್ರೆ ಅದಕ್ಕೆ ಬೇಜಾರಾಗತ್ತೆ."

ಕಾಯುತ್ತ ಕೂತಿದ್ದ ಒಬ್ಬ ಅಜ್ಜಿ ಬಾಯಿ ಹಾಕಿದಳು. "ಎದ್ದು ಹಾಕಿ ಬಾರಪ್ಪ. ಪಾಪ, ಹುಡುಗಿ ಅಷ್ಟು ದೂರದಿಂದ ಹೊತ್ಕೊಂಡು ಬಂದಿದಾಳೆ."

ಐವತ್ತೆರಡರ ಹುಡುಗಿ ಅಲ್ಲಾಡದೆ ನಿಂತಿದ್ದಳು. ಸರ್ಜನ್ನರು ಎದ್ದು, ಡಬ್ಬಿ ಹಿಡಿದು, ಮೆಟ್ಟಿಲು ಹತ್ತಿ, ಎರಡು ವರಾಂಡ ನಡೆದು, ಸೂಜಿ ಹಾಕಿ ಬಂದರು. ಆಕೆ ಹಿಂದೆಯೇ ನಡೆದು ಸಾಕ್ಷಿಯಾದಳು. ಅಂದಿನಿಂದ ಅವರು ಟ್ರೇಯಲ್ಲಿ ಒಂದು ಸೂಜಿಯನ್ನೂ ಬಿಡಲಿಲ್ಲ. ಅವರು ಸುಧಾರಿಸಿದರೆಂದು ಆಕೆ ತಿಳಿದಳು. ನಾನೂ ತಿಳಿದೆ.

ಇನ್ನು ನನ್ನ ತಪ್ಪು. ಒಂದೊಂದು ವಾರ್ಡಿನ ಬಾಗಿಲಿಗೂ ಒಂದು ಹಲಗೆ ಹಾಕಿಸಿದ್ದು ನಾನೇ. ಮೇಲೆ 'ಸೂಜಿ ಚುಚ್ಚದ ದಿನಗಳು' ಎಂಬ ಬರಹ, ಕೆಳಗೆ ದಿನಾ ಬದಲಿಸುವ ಅಂಕಿಗಳು. ಯಾರಿಗಾದರೂ ಚುಚ್ಚಿದರೆ ಮತ್ತೆ ಸೊನ್ನೆಯಿಂದ ಶುರು. ಮುನ್ನೂರ ಅರವತ್ತೈದು ಮುಟ್ಟಿದ ವಾರ್ಡಿನ ನರ್ಸುಗಳ ಕೋಣೆಗೆ ಒಂದು ಫ್ರಿಜ್ಜು. ಇಷ್ಟು ಓದಿ, ಇಷ್ಟು ವರ್ಷ ಪಾಠ ಮಾಡಿ, ಇದರಲ್ಲಿರುವ ಮೂರ್ಖತನ ನನಗೆ ಹೊಳೆಯಲಿಲ್ಲ. ಹಲಗೆಗಳು ಬಂದ ಮೇಲೆ ಚುಚ್ಚಿತೆಂದು ಬರುವವರು ನಿಂತೇಹೋದರು. ನಾನು ವರ್ಷದ ವರದಿಗೆ ಒಳ್ಳೆಯ ವಾಕ್ಯಗಳನ್ನು ಯೋಚಿಸತೊಡಗಿದೆ.

ಸರ್ಜರಿ ವಾರ್ಡಿನವರಿಗೆ ಫ್ರಿಜ್ಜಿನ ಹುಚ್ಚು ಹಿಡಿಯಿತು. ಅವರ ಕೋಣೆಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತಿತ್ತು. ಬೆಳಗ್ಗೆ ತಂದ ಹಾಲು ಸಂಜೆಯ ಟೀ ಹೊತ್ತಿಗೆ ಒಡೆಯುತ್ತಿತ್ತು. ಗೆರೆ ಸಿಸ್ಟರ್ ಮೂಲೆಯನ್ನು ಅಳೆದು, ಫ್ರಿಜ್ಜು ನಿಲ್ಲುವ ಜಾಗಕ್ಕೆ ನೆಲದ ಮೇಲೆ ಕೆಂಪು ಚೌಕ ಎಳೆದಳು. ಅದರ ಬಾಗಿಲು ತೆರೆಯುವಷ್ಟು ಜಾಗಕ್ಕೆ ಇನ್ನೊಂದು ಅರ್ಧಚಂದ್ರ. ಇನ್ನೂರನೆಯ ದಿನದಿಂದ ಆ ಚೌಕವನ್ನು ಯಾರೂ ತುಳಿಯುತ್ತಿರಲಿಲ್ಲ. ದಿನಾ ಬೆಳಗ್ಗೆ ಎಂಟಕ್ಕೆ ಡ್ಯೂಟಿ ಬದಲಾಗುವಾಗ ಎಲ್ಲರೂ ಹಲಗೆಯ ಮುಂದೆ ಸೇರುವರು. ಆಕೆ ತನ್ನ ಕೈಯಾರೆ ಅಂಕಿ ಬದಲಿಸುವಳು.

ಮುನ್ನೂರೈವತ್ತೆಂಟನೆಯ ದಿನ, ಬೆಳಗ್ಗೆ ಒಂಬತ್ತಕ್ಕೆ, ಚಿಕ್ಕಮ್ಮನಿಗೆ ಸೂಜಿ ಚುಚ್ಚಿತು.

ಚಿಕ್ಕಮ್ಮ ಎಂದರೆ ವಾರ್ಡು ಗುಡಿಸಿ ಒರೆಸುವವಳು. ಯಾರಿಗೂ ನೆಂಟಳಲ್ಲ, ಎಲ್ಲರಿಗೂ ಚಿಕ್ಕಮ್ಮ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಸರ್ಜನ್ನರೂ ಹಾಗೇ ಕರೆಯುತ್ತಿದ್ದರು. ಕಂಟ್ರಾಕ್ಟಿನ ಮೇಲೆ ಬಂದವಳು. ಡ್ರೆಸ್ಸಿಂಗ್ ರೂಮಿನ ಕಸದ ಚೀಲವನ್ನು ಬಿಗಿದು ಗಂಟು ಹಾಕುವಾಗ, ಹತ್ತಿಯೊಳಗಿಂದ ಏನೋ ತೆಳು ಗ್ಲೌಸು ತೂರಿ ಬಲಗೈ ಹೆಬ್ಬೆರಳಿಗೆ ಇಳಿಯಿತು. ಬಿಡಿಸಿ ನೋಡಿದರೆ ಬಾಗಿದ ಹೊಲಿಗೆ ಸೂಜಿ. ಅವಳು ಕೈ ತೊಳೆದು, ಸೂಜಿಯನ್ನು ಡಬ್ಬಿಗೆ ಹಾಕಿ, ಬೆರಳಿಗೆ ಪಟ್ಟಿ ಅಂಟಿಸಿ, ಬಾಯಿ ಮುಚ್ಚಿಕೊಂಡು ನೆಲ ಒರೆಸಲು ಹೋದಳು. ಇದೆಲ್ಲ ಅವಳೇ ಆಮೇಲೆ ನನಗೆ ಹೇಳಿದ್ದು. ಸೂಜಿ ಚುಚ್ಚಿಸಿಕೊಂಡವರನ್ನು ಕೆಲಸದಿಂದ ತೆಗೆಯುತ್ತಾರೆಂದು ಯಾರೋ ಅವಳ ತಲೆಗೆ ತುಂಬಿದ್ದರು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. "ಇನ್ನು ಏಳೇ ದಿನ ಇತ್ತು ಮೇಡಂ. ಇಡೀ ವಾರ್ಡಿನ ಫ್ರಿಜ್ಜು ತಿಂದವಳು ಅನ್ನಿಸ್ಕೊಳ್ಳೋದಾ?"

ದಿನವಿಡೀ ಲೊಟಲೊಟ ಮಾತಾಡುವವಳು ಅಂದು ಮಾತಾಡಲಿಲ್ಲ. ಒರೆಸುವ ಕೋಲನ್ನು ಹೆಬ್ಬೆರಳು ಎತ್ತಿ ಹಿಡಿದಿದ್ದಳು. ಹತ್ತೂವರೆಗೆ ಗೆರೆ ಸಿಸ್ಟರಿನ ಕಣ್ಣು ಅದರ ಮೇಲೆ ಬಿತ್ತು.

"ಬೆರಳಿಗೇನಾಯ್ತು?"

"ಈರುಳ್ಳಿ ಹೆಚ್ಚುವಾಗ ಕೊಯ್ಕೊಂಡೆ ಸಿಸ್ಟ್ರೇ."

"ಚಾಕು ಯಾವ ಕೈಯಲ್ಲಿ ಹಿಡೀತೀಯ?"

"ಬಲಗೈಯಲ್ಲಿ."

"ಪಟ್ಟಿ ಇರೋದು ಯಾವ ಕೈಗೆ?"

ಚಿಕ್ಕಮ್ಮ ಎರಡೂ ಕೈ ನೋಡಿಕೊಂಡಳು. "ಇವತ್ತು ಎಡಗೈಯಲ್ಲಿ ಹೆಚ್ಚಿದೆ."

"ಯಾಕೆ?"

"ಒಂದು ಬದಲಾವಣೆಗೆ."

"ಚಿಕ್ಕಮ್ಮ, ನಿಜ ಹೇಳು. ನಾನು ಬೈಯಲ್ಲ."

"ನೀವು ಬೈಯಲ್ಲ ಅಂದ್ರೆ ನಂಗೆ ಇನ್ನೂ ಭಯ ಆಗತ್ತೆ ಸಿಸ್ಟ್ರೇ" ಎಂದು ಚಿಕ್ಕಮ್ಮ ಬಕೆಟ್ಟು ಎತ್ತಿಕೊಂಡು ಹೊರಟೇಹೋದಳು.

ಗೆರೆ ಸಿಸ್ಟರ್, ಆ ಬೆಳಗ್ಗೆ ಚಿಕ್ಕಮ್ಮ ಕಸ ತೆಗೆದಿದ್ದ ಡ್ರೆಸ್ಸಿಂಗ್ ರೂಮಿಗೆ ಹೋಗಿ, ಹೊಲಿಗೆ ಹಾಕುವ ಮೇಜಿನಿಂದ ಸೂಜಿ ಡಬ್ಬಿಯವರೆಗೆ ನಡೆದು ನೋಡಿದಳು. ಹನ್ನೊಂದು ಹೆಜ್ಜೆ. ಡಬ್ಬಿಯನ್ನು ಬಾಗಿಲ ಪಕ್ಕದ ಗೋಡೆಗೆ ತಾಗಿಸಿ, ಅದರ ಸುತ್ತ ಕೆಂಪು ಚೌಕ ಎಳೆದು, ಅಲ್ಲಿಂದ ಕದಲಿಸಕೂಡದೆಂದು ಕಟ್ಟಪ್ಪಣೆ ಮಾಡಿದವಳು ಆಕೆಯೇ. ಅಲ್ಲಿದ್ದರೆ ನೋಡಲು ಅಚ್ಚುಕಟ್ಟು.

ಹನ್ನೊಂದು ಗಂಟೆಗೆ ನನ್ನ ಕೋಣೆಗೆ ಬಂದಳು. ಕೂರಲಿಲ್ಲ.

"ಮೇಡಂ, ಹೆಸರು ಹೇಳದೆ ಮಾತ್ರೆ ಕೊಡೋಕಾಗತ್ತಾ?"

"ಹೆಸರಿಲ್ಲದ ಬೆರಳಿಗೆ ನಾನು ಮಾತ್ರೆ ಕೊಡುವುದಿಲ್ಲ. ರಕ್ತ ನೋಡಬೇಕು, ಯಾವ ಸೂಜಿ ಅಂತ ತಿಳೀಬೇಕು. ಯಾರು? ಕರೆದುಕೊಂಡು ಬನ್ನಿ."

"ಎಳೆದು ತಂದ್ರೆ ನಾಳೆಯಿಂದ ಕೆಲಸಕ್ಕೇ ಬರಲ್ಲ. ಮೂರು ದಿನ ಮುಗಿದುಹೋಗತ್ತೆ. ಆಮೇಲೆ ಎಲ್ಲಿ ಅಂತ ಹುಡುಕೋದು?"

"ನಿಮಗೆ ಹೆದರಿಸುವುದು ಚೆನ್ನಾಗಿ ಬರುತ್ತದಲ್ಲ?"

"ಹೆದರಿಸಿದ್ದು ಜಾಸ್ತಿಯಾಗಿಯೇ ಹೀಗಾಗಿರೋದು ಮೇಡಂ." ಆಕೆ ಮೇಜಿನ ಮೇಲಿನ ದಾಖಲೆ ಪುಸ್ತಕದ ಕಡೆ ಬೆರಳು ಮಾಡಿದಳು. "ಚುಚ್ಚಿದೆ ಅಂತ ಈ ಆಸ್ಪತ್ರೆಯಲ್ಲಿ ಯಾರಾದ್ರೂ ಕೊನೇ ಸಲ ಬಂದದ್ದು ಯಾವಾಗ?"

ದಾಖಲೆ ಪುಸ್ತಕ ತೆಗೆದೆ. ಹಲಗೆ ಹಾಕಿಸಿದ ವಾರಕ್ಕೆ ಬರಹ ನಿಂತಿತ್ತು. ಅಲ್ಲಿಂದ ಮುಂದೆ ಬಿಳಿ ಹಾಳೆ.

"ಎಂಟು ವಾರ್ಡು. ಒಂದು ವರ್ಷ. ಸಾಧ್ಯಾನಾ ಮೇಡಂ?"

"ಇಲ್ಲ" ಎಂದೆ. ಆಕೆ ತಲೆಯಾಡಿಸಿ ಹೋದಳು. ಆ ಬಿಳಿ ಹಾಳೆಯನ್ನು ಎದುರಿಗಿಟ್ಟುಕೊಂಡು ನಾನು ಊಟದ ಹೊತ್ತಿನವರೆಗೂ ಕೂತಿದ್ದೆ.

ಮರುದಿನ ಬೆಳಗ್ಗೆ ಎಂಟಕ್ಕೆ ಎಂದಿನಂತೆ ಹಲಗೆಯ ಮುಂದೆ ಎಲ್ಲರೂ ಸೇರಿದರು. ಚಿಕ್ಕಮ್ಮ ಬಕೆಟ್ಟಿನೊಡನೆ ಹಿಂದೆ ನಿಂತಿದ್ದಳು. ಗೆರೆ ಸಿಸ್ಟರ್ ಮೂರು, ಐದು, ಎಂಟನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡು, ಒಂದು ಸೊನ್ನೆ ತೂಗಿಹಾಕಿದಳು. ಅದು ನೆಟ್ಟಗಿದೆಯೇ ಎಂದು ಒಂದು ಹೆಜ್ಜೆ ಹಿಂದೆ ಬಂದು ನೋಡಿದಳು.

"ಸಿಸ್ಟರ್, ಒಂಬತ್ತು ಹಾಕ್ಬೇಕು" ಎಂದಳು ಒಬ್ಬ ನರ್ಸು, ಮೆಲ್ಲಗೆ.

"ಸೂಜಿ ಚುಚ್ಚಿದೆ."

"ಯಾರಿಗೆ?"

"ನನಗೆ."

ಅದೇ ನರ್ಸು ಮತ್ತೆ ಕೇಳಿದಳು, "ನಿಮಗೆ ಅಂದ್ರೆ... ಯಾರಿಗೆ ಸಿಸ್ಟರ್?"

"ಬೆಳಗ್ಗೆ. ಈ ಬೆರಳಿಗೆ. ಕಿವಿ ಕೇಳಿಸಲ್ವಾ ನಿನಗೆ?"

"ಹಾಗಾದ್ರೆ ಫ್ರಿಜ್ಜು?" ಹಿಂದಿನಿಂದ ಒಂದು ಅಳುದನಿ.

"ಹೋಯ್ತು. ಹಾಲು ಒಡೆಯೋದು ಹೊಸದೇನಲ್ಲ, ಒಡೀಲಿ. ಚುಚ್ಚಿದ್ರೆ ಹೋಗಿ ಹೇಳ್ಬೇಕು, ನಾನು ಹೇಳೋಕೆ ಹೋಗ್ತಿದ್ದೀನಿ. ಚಿಕ್ಕಮ್ಮ, ನೀನೂ ಬಾ. ಒಬ್ಬಳೇ ಹೋಗೋಕೆ ನಂಗೆ ಭಯ."

ಚಿಕ್ಕಮ್ಮನ ಕೈಯಿಂದ ಒರೆಸುವ ಕೋಲು ಬಿತ್ತು.

ಎಂಟೂಕಾಲಿಗೆ ಇಬ್ಬರೂ ನನ್ನ ಬಾಗಿಲಲ್ಲಿದ್ದರು. ಚಿಕ್ಕಮ್ಮ ಬೆಂಚಿನ ತುದಿಯಲ್ಲಿ, ಓಡಿಹೋಗಲು ಅನುಕೂಲವಾಗುವಂತೆ ಕೂತಳು. ನಾನು ಗೆರೆ ಸಿಸ್ಟರಿನ ಬೆರಳು ತೊಳೆಸಿದೆ, ಹೆಸರು ಬರೆದೆ, ಗಂಟೆ ಬರೆದೆ, ರಕ್ತ ತೆಗೆದೆ. ಚಿಕ್ಕಮ್ಮ ಜಾದೂ ನೋಡುವವಳಂತೆ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು.

"ಅಷ್ಟೇನಾ?" ಎಂದಳು.

"ಅಷ್ಟೇ. ಆಮೇಲೆ ಮಾತ್ರೆ."

"ಕೆಲಸದಿಂದ ತೆಗೆಯಲ್ವಾ?"

"ಚುಚ್ಚಿಸಿಕೊಂಡವರನ್ನೆಲ್ಲ ತೆಗೆದರೆ ಆಸ್ಪತ್ರೆಯಲ್ಲಿ ರೋಗಿಗಳಷ್ಟೇ ಉಳಿಯುತ್ತಾರೆ."

"ಬೈಯಲ್ವಾ?"

"ನನಗೆ ಪುರುಸೊತ್ತಿಲ್ಲ."

ಚಿಕ್ಕಮ್ಮ ಗೆರೆ ಸಿಸ್ಟರಿನ ಮುಖ ನೋಡಿದಳು. ಆಕೆ ಕಿಟಕಿಯ ಕಡೆ ನೋಡುತ್ತಿದ್ದಳು. ಚಿಕ್ಕಮ್ಮ ಹೆಬ್ಬೆರಳ ಪಟ್ಟಿ ಬಿಚ್ಚಿ ಕೈಯನ್ನು ನನ್ನ ಮೇಜಿನ ಮೇಲಿಟ್ಟಳು.

"ಹಾಗಾದ್ರೆ ಇದನ್ನೂ ಒಂಚೂರು ನೋಡಿಬಿಡಿ. ಈರುಳ್ಳಿ ಅಲ್ಲ."

ಚುಚ್ಚಿ ಇಪ್ಪತ್ತನಾಲ್ಕು ಗಂಟೆ ತುಂಬುವ ಮೊದಲೇ ಮೊದಲ ಮಾತ್ರೆ ಅವಳ ಹೊಟ್ಟೆ ಸೇರಿತು. ಹೊಟ್ಟೆ ತೊಳೆಸಬಹುದು ಎಂದೆ. "ನಿನ್ನೆಯಿಂದಾನೂ ತೊಳೆಸ್ತಾನೇ ಇದೆ ಮೇಡಂ, ಭಯಕ್ಕೆ" ಎಂದಳು. ಅವಳಿಗೆ ಕಾಮಾಲೆಯ ಲಸಿಕೆಯೂ ಆಗಿರಲಿಲ್ಲ. ಕಂಟ್ರಾಕ್ಟಿನವರನ್ನು ಲಸಿಕೆಯ ಪಟ್ಟಿಗೆ ಸೇರಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಪಟ್ಟಿ ಮಾಡಿದವಳೂ ನಾನೇ. ಅವತ್ತೇ ಮೊದಲ ಚುಚ್ಚುಮದ್ದು ಕೊಟ್ಟೆ. ಆ ಸೂಜಿಯನ್ನು ನಾನೇ ಡಬ್ಬಿಗೆ ಹಾಕುವವರೆಗೂ ಇಬ್ಬರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಚಿಕ್ಕಮ್ಮ ಹೋದ ಮೇಲೆ ಗೆರೆ ಸಿಸ್ಟರಿನ ಬೆರಳನ್ನು ದೀಪದ ಕೆಳಗೆ ಎಳೆದುಕೊಂಡೆ. ಎಡಗೈ ಉಂಗುರದ ಬೆರಳು, ತುದಿಯಲ್ಲಿ, ಮಧ್ಯಕ್ಕಲ್ಲ, ತುಸು ಪಕ್ಕಕ್ಕೆ. ಲ್ಯಾಬಿನವರು ರಕ್ತಕ್ಕಾಗಿ ಬೆರಳು ಚುಚ್ಚುವುದು ಅಲ್ಲೇ, ಆ ಜಾಗದಲ್ಲಿ ನೋವು ಕಡಿಮೆಯೆಂದು. ಆಕಸ್ಮಿಕಗಳು ಇಷ್ಟು ವಿಚಾರ ಮಾಡಿ ಜಾಗ ಹುಡುಕುವುದನ್ನು ನಾನು ಕಂಡಿಲ್ಲ.

"ಬಳಸಿದ ಸೂಜಿಯೋ, ಹೊಸದೋ?"

"ಹೊಸದು ಮೇಡಂ. ಮಾತ್ರೆ ಬೇಡ."

"ಹೇಗಾಯಿತು?"

"ಗಡಿಬಿಡಿಯಲ್ಲಿ."

"ಮೂವತ್ತು ವರ್ಷದಲ್ಲಿ ನೀವು ಗಡಿಬಿಡಿ ಮಾಡಿದ್ದನ್ನು ನಾನು ನೋಡಿಲ್ಲ."

"ಇವತ್ತಿನಿಂದ ಶುರುಮಾಡಿದೀನಿ" ಎಂದಳು, ಮುಖ ಒಂದಿಷ್ಟೂ ಸಡಿಲಿಸದೆ. ನಾನು 'ಗಡಿಬಿಡಿ' ಎಂದೇ ಬರೆದುಕೊಂಡೆ.

ಹತ್ತು ಗಂಟೆಗೆ ಸರ್ಜನ್ನರು ಬಂದರು. ಗೆರೆ ಸಿಸ್ಟರಿಗೇ ಸೂಜಿ ಚುಚ್ಚಿತೆಂಬ ಸುದ್ದಿ ಅಷ್ಟರಲ್ಲಿ ಅಡುಗೆಮನೆಯವರೆಗೆ ಮುಟ್ಟಿತ್ತು, ಅದರ ಬೆನ್ನಿಗೇ ಚಿಕ್ಕಮ್ಮನ ಹೆಬ್ಬೆರಳಿನದೂ. ಅವರು ಬಾಗಿಲು ಹಾಕಿಕೊಂಡರು.

"ಆ ಹತ್ತಿಯಲ್ಲಿದ್ದ ಸೂಜಿ... ಅದು ನನ್ನದೇ. ನಿನ್ನೆ ಬೆಳಗ್ಗೆ ಹೊಲಿಗೆ ಹಾಕಿದ್ದು ಒಂದೇ ಒಂದು ಕಾಲಿಗೆ."

"ಡಬ್ಬಿ ಇತ್ತಲ್ಲ?"

"ಅದು ಬಾಗಿಲ ಹತ್ರ, ನಾನು ಕಿಟಕಿ ಹತ್ರ. ಟ್ರೇಯಲ್ಲಿ ಬಿಟ್ರೆ ನಿಮ್ಮ ಸಿಸ್ಟರ್ ಮೆರವಣಿಗೆ ತರ್ತಾರೆ. ಅದಕ್ಕೆ ಹತ್ತಿಯಲ್ಲಿ ಸುತ್ತಿ ಕಸಕ್ಕೆ ಹಾಕಿಬಿಡ್ತಿದ್ದೆ."

"ಎಷ್ಟು ದಿನದಿಂದ?"

"ಆ ಸ್ಟೀಲ್ ಡಬ್ಬಿ ತಂದಿಟ್ಟ ದಿನದಿಂದ."

ಅವರ ಸುಧಾರಣೆಯ ಗುಟ್ಟು ಅದು. ಅರವತ್ತರ ಮನುಷ್ಯ, ಸಾವಿರಾರು ಹೊಟ್ಟೆ ಕೊಯ್ದ ಕೈ, ಒಬ್ಬ ನರ್ಸಿಗೆ ಹೆದರಿ ಕಸದ ಚೀಲದಲ್ಲಿ ಸೂಜಿ ಬಚ್ಚಿಡುತ್ತಿತ್ತು. ಆದರೆ ಅವರು ಬಂದು ಹೇಳಿದ್ದರಿಂದ ರೋಗಿ ಯಾರೆಂದು ಗೊತ್ತಾಯಿತು. ಆ ಕಾಲಿನ ಯಜಮಾನ ವಿಷಯ ಕೇಳಿ, "ಎಷ್ಟು ಬೇಕಾದ್ರೂ ರಕ್ತ ತಗೊಳ್ಳಿ, ನಮ್ಮ ಚಿಕ್ಕಮ್ಮ ತಾನೇ" ಎಂದು ತೋಳು ಚಾಚಿದ. ಅವನಿಗೂ ಅವಳು ಆಗಲೇ ಚಿಕ್ಕಮ್ಮ. ಸಂಜೆಗೆ ಫಲಿತಾಂಶ ಬಂತು. ಅವನ ರಕ್ತದಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಮಾತ್ರೆ ನಿಲ್ಲಿಸಿದೆ. ಚಿಕ್ಕಮ್ಮನ ಬಾಯಿ ಮತ್ತೆ ಶುರುವಾಯಿತು, ಎಂದಿಗಿಂತ ಜೋರಾಗಿ.

ಗೆರೆ ಸಿಸ್ಟರ್ ಡ್ರೆಸ್ಸಿಂಗ್ ರೂಮಿನ ಕೆಂಪು ಚೌಕವನ್ನು ಟರ್ಪೆಂಟೈನ್ ಹಾಕಿ ತಾನೇ ಉಜ್ಜಿ ತೆಗೆದಳು. ಸೂಜಿ ಡಬ್ಬಿ ಈಗ ಹೊಲಿಗೆಯ ಮೇಜಿಗೆ ತಾಗಿ, ಕೂತಲ್ಲಿಂದ ಕೈಗೆ ಸಿಗುವಂತೆ ನಿಂತಿದೆ. ಕಸ ತೆಗೆಯುವವರಿಗೆ ದಪ್ಪ ಗ್ಲೌಸು ಬಂದವು. ಹಲಗೆಗಳನ್ನು ನಾನು ಇಳಿಸಿದೆ. ಮುಂದಿನ ಎರಡು ತಿಂಗಳಲ್ಲಿ ಹತ್ತೊಂಬತ್ತು ಜನ ಬಂದು ಹೇಳಿಕೊಂಡರು. ಅದರಲ್ಲಿ ನಾಲ್ವರು ಮುನ್ನೂರ ಐವತ್ತು ದಾಟಿದ್ದ ಕಣ್ಣಿನ ವಾರ್ಡಿನವರು. ಸೂಪರಿಂಟೆಂಡೆಂಟರಿಗೆ ಗಾಬರಿಯಾಯಿತು.

"ಇದೇನು ಮೇಡಂ, ಹಲಗೆ ಇದ್ದಾಗ ಒಂದೂ ಇರಲಿಲ್ಲ. ತೆಗೆದ ಕೂಡಲೇ ಎಲ್ಲರಿಗೂ ಚುಚ್ಚುತ್ತಾ ಇದೆಯಲ್ಲ?"

"ಚುಚ್ಚುವುದು ಅಷ್ಟೇ ಇದೆ. ಹೇಳುವುದು ಜಾಸ್ತಿಯಾಗಿದೆ."

ಅವರಿಗೆ ಅರ್ಥವಾಯಿತೋ ಇಲ್ಲವೋ, ಫ್ರಿಜ್ಜಂತೂ ಬರಲಿಲ್ಲ. ನರ್ಸುಗಳ ಕೋಣೆಯಲ್ಲಿ ಖಾಲಿ ಚೌಕ, ಅರ್ಧಚಂದ್ರ ಎರಡೂ ಹಾಗೇ ಉಳಿದವು. ಹಾಲು ಒಡೆದಾಗೆಲ್ಲ ಯಾರಾದರೊಬ್ಬರು, "ಸಿಸ್ಟರ್, ಫ್ರಿಜ್ ಬಾಗಿಲು ಸರಿಯಾಗಿ ಹಾಕಿಲ್ಲ ನೋಡಿ" ಎನ್ನುವರು. ಆಕೆ ಕೇಳಿಸದವಳಂತೆ ಇರುವಳು.

ಜಂಭ ಇಳಿದಿದೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಹೊಸಬರು ಬಂದರೆ ಈಗಲೂ ಕೈ ಅಗಲಿಸುತ್ತಾಳೆ. ಎಡಗೈ ಉಂಗುರದ ಬೆರಳನ್ನು ಮಾತ್ರ ಮಡಚಿರುತ್ತಾಳೆ. "ನೋಡಿ. ಒಂಬತ್ತು ಬೆರಳು. ಮೂವತ್ತೊಂದು ವರ್ಷ."

ಕೋಟಿನ ಇನ್ನೊಂದು ಜೇಬು ಹರಿದಾಗ ಮತ್ತೆ ಟೈಲರ್ ಅಂಗಡಿಗೆ ಹೋದೆ. ಆಕೆ ಡ್ಯೂಟಿಯಲ್ಲಿದ್ದಳು. ಆತ ಜೇಬು ಹೊಲಿಯುತ್ತ, ಒಳಮನೆ ಖಾಲಿಯಿದ್ದರೂ ಅಭ್ಯಾಸಬಲದಿಂದ ದನಿ ತಗ್ಗಿಸಿ ಕೇಳಿದ.

"ಡಾಕ್ಟ್ರೇ, ಅವಳಿಗೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿತಂತಲ್ಲ, ನಿಜಾನಾ?"

"ಪುಸ್ತಕದಲ್ಲಿ ಹಾಗೇ ಬರೆದಿದೆ."

"ಅದೇ ದಿನ ಬೆಳಗ್ಗೆ, ಹೊರಡೋಕೆ ಮುಂಚೆ, ಇಲ್ಲಿ ಬಂದು ನಿಂತಳು. 'ರೀ, ಒಂದು ಗುಂಡುಸೂಜಿ ಕೊಡಿ' ಅಂದಳು. ಮದುವೆಯಾದ ಮೇಲೆ ನನ್ನ ಹತ್ರ ಸೂಜಿ ಕೇಳಿದ್ದು ಅದೇ ಮೊದಲು. ಗುಂಡಿ ಕಿತ್ತಿರಬೇಕು ಅಂದ್ಕೊಂಡು ಡಬ್ಬದಿಂದ ಒಂದು ಕೊಟ್ಟೆ. 'ಇದಲ್ಲ, ಹೊಸದು' ಅಂದಳು. ಹೊಸ ಪೊಟ್ಟಣ ಒಡೆಸಿದಳು. ಅದನ್ನ ಸ್ಪಿರಿಟ್ ಹಾಕಿ ಒರೆಸಿದಳು. 'ಆ ಕಡೆ ತಿರುಗಿ' ಅಂದಳು. ತಿರುಗಿದೆ. ಹಿಂದಿನಿಂದ 'ಸ್ಸ್' ಅಂತ ಕೇಳಿಸ್ತು."

ಆತ ಹಲ್ಲಿನಲ್ಲಿ ದಾರ ಕಚ್ಚಿ ಹರಿದು, ಜೇಬಿನೊಳಗೆ ಕೈ ಹಾಕಿ ಹೊಲಿಗೆ ಗಟ್ಟಿಯಿದೆಯೇ ಎಂದು ನೋಡಿದ.

"ನೋಡಿದ್ರೆ ಆ ಸೂಜಿನ ಈ ಡಬ್ಬಿಯೊಳಗೆ ಹಾಕ್ತಿದ್ದಳು. 'ಏ, ಅದು ಸೊಟ್ಟ ಆಗಿಲ್ಲ ಕಣೇ, ಇನ್ನೂ ಬಳಸ್ಬಹುದು' ಅಂದೆ. 'ಬಳಸಿದ್ದಾಯ್ತು' ಅಂದು ಡ್ಯೂಟಿಗೆ ಹೋದಳು."